ರೊಟ್ಟಿ ಮೀನಿಗೆ ಬಾಗಿಲು ಕಾದದ್ದು

ಆ ಮೀನು ಬದುಕಿದ್ದು ಔಷಧಿಯಿಂದಲ್ಲ, ಹರಕೆಯಿಂದಲ್ಲ, ನನ್ನ ಕೆಟ್ಟ ಬಾಯಿಯಿಂದ. ನಮ್ಮ ಹಳೆಯ ಬೀದಿಯವರು ಏನೇನೋ ಕಥೆ ಕಟ್ಟಿದ್ದಾರೆ. ನಡೆದದ್ದು ಇಷ್ಟೇ.

ಮೊನ್ನೆ ಮೊಮ್ಮಗಳು ಯಲಹಂಕ ನ್ಯೂ ಟೌನಿನ ಬಣ್ಣದ ಮೀನಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಒಳಗೆ ಕಾಲಿಟ್ಟ ಕೂಡಲೇ ತೊಳೆದ ಹೊಳೆಮರಳಿನ ವಾಸನೆ ಮೂಗಿಗೆ ಬಡಿಯಿತು. ಈಗ ಮನೆ ಕಟ್ಟುವವರೂ ಹೊಳೆಮರಳು ತರಿಸುವುದಿಲ್ಲ, ಕಲ್ಲಿನ ಪುಡಿ ತರಿಸುತ್ತಾರೆ. ಆ ವಾಸನೆ ಮರೆತೇ ಹೋಗಿತ್ತು... ಅವಳು ಮೀನು ಆರಿಸುತ್ತಿದ್ದಳು. ನಾನು ಎಂಬತ್ತನೇ ಇಸವಿಯ ಆಚೀಚೆಯ ಆರ್.ಟಿ. ನಗರದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದ ಮನೆಯ ಅಂಗಳದಲ್ಲಿ ಮರಳು ತೊಳೆಯುತ್ತಿದ್ದೆ.

ಪಕ್ಕದ ಮನೆ ಫ್ರೇಮ್ ಅಂಗಡಿ ಸಾಹೇಬರದು. ದೇವರ ಪಟ, ಮೆಕ್ಕಾದ ಪಟ, ಮದುವೆ ಫೋಟೊ, ಸತ್ತವರ ಫೋಟೊ, ಯಾರು ಏನು ತಂದರೂ ಗಾಜು ಕೊಯ್ದು ಕಟ್ಟು ಹಾಕಿಕೊಡುತ್ತಿದ್ದರು. ಹಾಗಾಗಿ ಬೀದಿಯ ಪ್ರತಿ ಮನೆಯೂ ಅವರಿಗೆ ಬೇಕಾದ ಮನೆ. ಬಾಗಿಲಿಗೆ ಯಾರೇ ಬರಲಿ, "ಬನ್ನಿ ಬನ್ನಿ, ಚಾ ಕುಡೀರಿ." ಇಲ್ಲ ಅನ್ನುವ ಮಾತು ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ನನಗೆ ಆ ಮಾತೇ ಮೊದಲು ಬರುತ್ತಿತ್ತು.

ಅಂಗಡಿಯಲ್ಲಿ ಉಳಿದ ಗಾಜನ್ನೆಲ್ಲ ಜೋಡಿಸಿ ಮನೆ ತುಂಬ ಮೀನಿನ ತೊಟ್ಟಿ ಮಾಡಿಟ್ಟಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಕಲ್ಕತ್ತಾ ಕಡೆಯ ಹೊಳೆಯಲ್ಲಿ ಬಲೆಗೆ ಬಿದ್ದ ಒಂದು ಮೀನನ್ನು, ಅಲ್ಲಿ ವ್ಯಾಪಾರ ಮಾಡುವ ನೆಂಟರಿಗೆ ಹೇಳಿ ರೈಲಿನಲ್ಲಿ ತರಿಸಿಕೊಂಡರು. ಯಶವಂತಪುರದಿಂದ ಆಟೋದಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಆ ಮುಖ ನೋಡಬೇಕಿತ್ತು, ಮೊದಲ ಮಗುವನ್ನು ಆಸ್ಪತ್ರೆಯಿಂದ ತಂದವರ ಹಾಗೆ.

ಮೀನು ಅಂದರೆ ಅದು ಮೀನಿನ ಹಾಗೇ ಇರಲಿಲ್ಲ. ದುಂಡಗೆ, ಚಪ್ಪಟೆಯಾಗಿ, ಅಕ್ಕಿ ರೊಟ್ಟಿಗೆ ಬಾಲ ಬಂದ ಹಾಗೆ. ಕಣ್ಣು ಮೇಲೆ, ಬಾಯಿ ಹೊಟ್ಟೆಯ ಕೆಳಗೆ. ಬಾಲದಲ್ಲಿ ವಿಷದ ಮುಳ್ಳು. ಬೀದಿಯಲ್ಲಿ ಅದಕ್ಕೆ ರೊಟ್ಟಿ ಮೀನು ಎಂದೇ ಹೆಸರಾಯಿತು. ಅದು ಮರಳಲ್ಲಿ ಹೂತುಕೊಂಡೇ ಇರುತ್ತದಂತೆ, ಚೂಪು ಕಲ್ಲಿದ್ದರೆ ಹೊಟ್ಟೆ ಗೀರಿ ಹೋಗುತ್ತದಂತೆ. ಅದಕ್ಕೇ ಜರಡಿ ಹಿಡಿದು, ನೀರು ತಿಳಿಯಾಗುವ ತನಕ ಮರಳು ತೊಳೆದದ್ದು. ನಲ್ಲಿ ನೀರು ಬೇಡವೆಂದು ಬಾವಿ ನೀರು ಸೇದಿ ತುಂಬಿದೆವು. ಸಾಹೇಬರು ಡಬ್ಬದೊಳಗಿದ್ದ ಮೀನಿನ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಒಂದೊಂದೇ ಲೋಟ ತೊಟ್ಟಿಯ ನೀರನ್ನು ಅದಕ್ಕೆ ಸೇರಿಸುತ್ತ, ಮಧ್ಯಾಹ್ನದ ಊಟವನ್ನೂ ಮರೆತು ಕೂತರು.

ಆ ಅಗಲದ ತೊಟ್ಟಿಗೆ ಮುಂದಿನ ಕೋಣೆಯೇ ಬೇಕಾಯಿತು. ಅಲ್ಲಿದ್ದ ಅವರ ಹೆಂಡತಿಯ ಹೊಲಿಗೆ ಮಿಷನ್ ಒಂದು ಮೂಲೆಗೆ ಹೋಯಿತು. ಅವರು ನನ್ನೆದುರಿಗೇ ಗಂಡನಿಗೆ ಹೇಳಿದರು: "ನೋಡ್ರೀ, ಇದೊಂದು ಸತ್ರೆ ಮುಗೀತು. ಮನೇಲಿ ಇನ್ನೊಂದು ಮೀನು ಇರಬಾರ್ದು. ಎಲ್ಲಾ ತೊಟ್ಟೀನೂ ಆಚೆಗೆ."

"ಆಯ್ತು," ಅಂದರು ಸಾಹೇಬರು. ಅದಕ್ಕೂ ಇಲ್ಲ ಅನ್ನಲಿಲ್ಲ.

ಮಾರನೆಯ ದಿನದಿಂದ ಜಾತ್ರೆ. ಹೊಸದಾಗಿ ಮನೆ ತುಂಬಿದ ಸೊಸೆಯನ್ನು ನೋಡಲು ಹೋಗುವ ಹಾಗೆ ಜನ ಬಂದರು. ಕೈಯಲ್ಲಿ ಬಾಳೆಹಣ್ಣು, ಮಲ್ಲಿಗೆ ಮೊಳ. ಒಬ್ಬಾಕೆ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದಳು, ಇನ್ನೊಬ್ಬಾಕೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಕೋಣೆಯಲ್ಲಿದ್ದವರೆಲ್ಲ ಕೆಮ್ಮಿದೆವು. ಗಂಡಸರು ಗಾಜು ಕುಟ್ಟಿ "ಏಳೋ ಮಗಾ" ಅನ್ನುತ್ತಿದ್ದರು. ಮೀನು ಮರಳಿನೊಳಗೆ ಹೋಗಿ ಎರಡು ಕಣ್ಣು ಮಾತ್ರ ಬಿಟ್ಟುಕೊಂಡು ಮಲಗಿತು. ಹಾಕಿದ ಎರೆಹುಳು ಹಾಕಿದಲ್ಲೇ ಸತ್ತವು. ವಾರ ಕಳೆಯುವಷ್ಟರಲ್ಲಿ ಬಾಲದ ಬುಡದಲ್ಲಿ ಮೂಳೆ ಎದ್ದು ಕಾಣತೊಡಗಿತು.

ಸಾಹೇಬರು ನಮ್ಮ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತರು. "ಅಕ್ಕಾ, ಕಾಡು ಮೀನು ಅದು. ಕತ್ಲು ಮಾಡಿ ಒಂಟಿ ಬಿಟ್ರೆ ತಿನ್ನತ್ತೆ ಅಂತ ಕಳಿಸಿದ ನೆಂಟರು ಹೇಳಿದ್ರು."

"ಮತ್ತೆ ಬಾಗಿಲು ಹಾಕಿ."

"ಬಂದವ್ರಿಗೆ ಹೋಗಿ ಅನ್ನಕ್ಕಾಗತ್ತಾ ಅಕ್ಕಾ? ನನ್ನಿಂದ ಆಗಲ್ಲ. ಅದಕ್ಕೇ... ನಿಮ್ಮ ಬಾಯಿ ಸ್ವಲ್ಪ ದಿನ ಕೊಡ್ತೀರಾ?"

ನನ್ನ ಬಾಯಿಯನ್ನು ಮುಚ್ಚು ಅಂದವರು ಬೇಕಾದಷ್ಟು ಜನ. ಕೊಡಿ ಅಂದವರು ಅವರೊಬ್ಬರೇ. ಎಮ್ಮೆ ಕರೆದು, ಅಡುಗೆ ಮುಗಿಸಿ, ಅವರ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಕೂತೆ. ಒಳಗೆ ತೊಟ್ಟಿಗೆ ಕಂಬಳಿ ಹೊದಿಸಿದೆವು.

ಮೊದಲು ಬಂದ ಅಜ್ಜಿ, "ಬಾಣಂತೀನ ನೋಡಕ್ಕೇ ಬಿಡ್ತಾರೆ, ಮೀನು ನೋಡಕ್ಕೆ ಬಿಡಲ್ವೇನೇ?" ಅಂತ ಕೂಗಾಡಿದಳು.

"ಬಾಣಂತಿ ಉಣ್ತಾಳೆ ಕಣಜ್ಜಿ. ಇದು ಉಣ್ತಿಲ್ಲ. ಓಗು."

ಅಟ್ಟೂರಿನ ಬೀಗರನ್ನು ಕಟ್ಟಿಕೊಂಡು ಬಂದ ನಮ್ಮ ಮನೆ ಮಾಲೀಕರು ಮೀಸೆ ತಿರುವಿದರು. "ನಾನು ಯಾರು ಗೊತ್ತೇನಮ್ಮಾ?"

"ಗೊತ್ತು ಕಣ್ರೀ. ಅದಕ್ಕೇ ಮರ್ಯಾದೆಯಾಗಿ ಏಳ್ತಿದೀನಿ. ಓಗಿ."

ಅಷ್ಟರಲ್ಲಿ ಒಳಗಿನಿಂದ, "ಬನ್ನಿ ಬನ್ನಿ, ಚಾ ಕುಡೀರಿ!"

"ಸಾಹೇಬ್ರೇ, ನೀವು ಸುಮ್ಕಿರಿ!" ಅಂತ ಗದರಿದೆ. ಬೀಗರು ನಗಲು ಶುರುಮಾಡಿದರು. ಮಾಲೀಕರೂ ನಗದೆ ವಿಧಿಯಿರಲಿಲ್ಲ. ಮೀನು ನೋಡದೆಯೇ ಮೆಟ್ಟಿಲ ಮೇಲೆ ಚಾ ಕುಡಿದು ಹೋದರು.

ಬೀದಿ ಪೂರ್ತಿ ಖಾಲಿಯಾಯಿತು. ಆದರೂ ಮೀನು ತಿನ್ನಲಿಲ್ಲ. ಯಾಕೆಂದು ಒಳಗೆ ಹೋಗಿ ನೋಡಿದರೆ, ಸಾಹೇಬರು ಕಂಬಳಿಯ ತುದಿ ಎತ್ತಿ ಬಗ್ಗಿ ನೋಡುತ್ತಿದ್ದಾರೆ. ಬಿಟ್ಟು ಎರಡು ಉಸಿರಾಗುವಷ್ಟರಲ್ಲಿ ಮತ್ತೆ ಎತ್ತುತ್ತಿದ್ದಾರೆ. ಓಡಿಸಬೇಕಾದವರಲ್ಲಿ ಇನ್ನೊಬ್ಬರು ಉಳಿದಿದ್ದರು.

"ಏಳಿ ಸಾಹೇಬ್ರೇ. ಅಂಗ್ಡಿಗೆ ಓಗಿ."

"ನಾನೂನಾ ಅಕ್ಕಾ?"

"ನೀವೇ ಮೊದ್ಲು."

ಚಪ್ಪಲಿ ಮೆಟ್ಟಿಕೊಂಡು, ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದರು. ನಾನು ಬಚ್ಚಲ ನೀರು ಹರಿಯುವ ಬಾಳೆಗಿಡದ ಬುಡದಿಂದ ಕೊಬ್ಬಿದ ಎರೆಹುಳು ಅಗೆದು ತಂದು ತೊಟ್ಟಿಗೆ ಬಿಟ್ಟು ಮೆಟ್ಟಿಲಿಗೆ ಬಂದೆ. ಒಳಗೆ ಮೂಲೆಯಲ್ಲಿ ಅವರ ಹೆಂಡತಿ ಯಾರದೋ ರವಿಕೆ ಹೊಲಿಯುತ್ತಿದ್ದರು. ಆಕೆಗೆ ಮೀನಿನ ಗೊಡವೆಯೇ ಇರಲಿಲ್ಲ, ಅತ್ತ ತಿರುಗಿ ಕೂಡ ನೋಡುತ್ತಿರಲಿಲ್ಲ, ಹಾಗಾಗಿ ಆಕೆಯನ್ನು ಓಡಿಸಲಿಲ್ಲ. ಮಿಷನ್ ಗಡಗಡ ಓಡುತ್ತಿತ್ತು.

ಮಿಷನ್ ಸದ್ದು ನಿಂತಿತು. ಆಕೆ ಬಾಗಿಲಿಗೆ ಓಡಿ ಬಂದರು. "ಅಕ್ಕಾ! ಕಂಬ್ಳಿ ಸಂದೀಲಿ ನೋಡ್ದೆ, ತಿಂದ್ಬಿಡ್ತು!"

ಸಾಹೇಬರು ಬಂದ ಮೇಲೆ ಹೆಂಡತಿಯ ಬೆನ್ನು ಬಿಡಲೇ ಇಲ್ಲ. ಹೇಗೆ ತಿಂತು, ಹೇಗೆ ತಿಂತು... ಆಕೆ ಅಂಗೈ ಬೋರಲು ಹಾಕಿ ಮಗ್ಗದ ಲಾಳಿಯ ಹಾಗೆ ನೆಲದ ಮೇಲೆ ಜಾರಿಸಿ ತೋರಿಸಿದರು: "ಇಂಗೆ ಬಂತು, ಹುಳದ್ಮೇಲೆ ಮುಚ್ಕೊಂಡು ಕೂತ್ಕೊಂಡ್ತು, ಎದ್ದಾಗ ಹುಳ ಇಲ್ಲ!" ಸಾಹೇಬರು ಮತ್ತೊಮ್ಮೆ ತೋರಿಸು ಅಂದರು. ಆಕೆ ಮತ್ತೊಮ್ಮೆ ತೋರಿಸಿದರು. ತೊಟ್ಟಿಗಳನ್ನು ಆಚೆ ಹಾಕುವ ಮಾತು ಆಮೇಲೆ ಬರಲಿಲ್ಲ.

ಅದು ಬಹಳ ವರ್ಷ ಬದುಕಿತು. ತಟ್ಟೆಯಷ್ಟಿದ್ದದ್ದು ಮೊರದಷ್ಟಾಯಿತು. ನಾವು ಯಲಹಂಕಕ್ಕೆ ಬಂದ ಮೇಲೆ ಹೋಗಿ ಬರುವುದು ಕಮ್ಮಿಯಾಯಿತು... ಆಮೇಲೆ ನಿಂತೇ ಹೋಯಿತು.

ಮೀನಿನಂಗಡಿಯಿಂದ ಮನೆಗೆ ಬಂದು, ಮಗನ ಕೈಲಿ ಹಳೆಯ ಬೀದಿಯವರನ್ನು ಕೇಳಿಸಿ, ಸಾಹೇಬರ ಮಗಳ ಫೋನ್ ನಂಬರು ಹುಡುಕಿಸಿ ಮಾತಾಡಿದೆ. ಸಾಹೇಬರು ಹೋದ ಮಳೆಗಾಲದಲ್ಲೇ ತೀರಿಕೊಂಡರಂತೆ. ತಾಯಿ ಹೆಬ್ಬಾಳದಲ್ಲಿ ತನ್ನ ಜೊತೆಗಿದ್ದಾರೆ ಅಂದಳು. ನಾನು ಅಳಲಿಲ್ಲ. ಆದರೆ ನನ್ನ ಬಾಯಿಗೆ ಬೆಲೆ ಕೊಟ್ಟ ಮನುಷ್ಯ ಹೋಗಿದ್ದಾರೆ, ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ಕೊಂಡು, ಬಸ್ಸು ಹತ್ತಿ ಹೆಬ್ಬಾಳಕ್ಕೆ ಹೋದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅವರ ಹೆಂಡತಿಯ ಎದುರಿಗೆ ಚೀಲ ಸುರಿದು ಕೂತೆ. ಇಬ್ಬರೂ ಸೇರಿ, ಸಾಹೇಬರನ್ನು ಬೈದುಕೊಳ್ಳುತ್ತ, ಅಷ್ಟೂ ಕಾಯಿ ಬಿಡಿಸಿದೆವು.