ಕಿವಿರಾಯನ ಸ್ಕ್ರೂಡ್ರೈವರ್

ಕೆಟ್ಟ ಹಾರ್ಡ್ ಡಿಸ್ಕಿನ ರೋಗವನ್ನು ಕಿವಿಯಿಂದಲೇ ಪತ್ತೆ ಮಾಡುತ್ತಾನೆಂದು ಅವನಿಗೆ ಕಿವಿರಾಯ ಎಂಬ ಹೆಸರು ಬಿದ್ದಿತ್ತು. ಇಪ್ಪತ್ತಾರು ವರ್ಷದಿಂದ ಅದೇ ಮೊದಲ ಮಹಡಿಯ ಅಂಗಡಿ, ಅದೇ ಕಾಲು ಅಲ್ಲಾಡುವ ಮೇಜು, ಅದೇ ಮರದ ಹಿಡಿಯ ಸ್ಕ್ರೂಡ್ರೈವರ್. ಅದರ ತುದಿಯನ್ನು ತಿರುಗುವ ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಒಳಗಿನಿಂದ ಟಿಕ್ ಟಿಕ್ ಎಂದರೆ ತಕ್ಷಣ ಕರೆಂಟು ಕಿತ್ತುಬಿಡಬೇಕು. ಆಮೇಲೂ ತಿರುಗಲು ಬಿಟ್ಟರೆ ಒಳಗಿನ ಸೂಜಿ ಮಾಹಿತಿ ತುಂಬಿದ ತಟ್ಟೆಯನ್ನೇ ಗೀಚಿಹಾಕುತ್ತದೆ. ಗೀಚಿದ್ದನ್ನು ಬ್ರಹ್ಮ ಬಂದರೂ ಓದಲಾರ.

ಈಗೀಗ ಅವನಿಗೆ ಬರೀ ಸುಸ್ತು. ಮೆಟ್ಟಿಲು ಹತ್ತಿದರೆ ಸುಸ್ತು, ಶಟರ್ ಎತ್ತಿದರೆ ಸುಸ್ತು, ಫೋಟೋ ಹೋಯ್ತು, ಫೈಲು ಹೋಯ್ತು ಎಂದು ಅತ್ತುಕೊಂಡು ಬಂದವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. "ಕಾಪಿ ಇಟ್ಕೊಂಡಿಲ್ವಾ?" ಎಂದು ಕೇಳುವುದನ್ನೂ ಬಿಟ್ಟಿದ್ದ. ಇಟ್ಟುಕೊಂಡವರು ಇವನ ಅಂಗಡಿಗೆ ಯಾಕೆ ಬರುತ್ತಾರೆ?

ಮನೆಯಲ್ಲಿ ಹೆಂಡತಿಯದು ಬೇರೆ ರಾಗ.

"ರೀ, ಕುಕ್ಕರ್ ಐದು ಸಲ ಕೂಗ್ತು, ಪಕ್ಕದಲ್ಲೇ ಕೂತಿದ್ರಲ್ಲ! ನಿಮಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರ್ಸೋದೂ ಒಂದೇ. ಹೋಗಿ ಕಿವಿ ತೋರಿಸ್ಕೊಂಡು ಬನ್ನಿ."

"ಏನೋ ಯೋಚನೆ ಮಾಡ್ತಿದ್ದೆ ಕಣೇ" ಎಂದು ಜಾರಿಕೊಳ್ಳುತ್ತಿದ್ದ. ಕಿವಿರಾಯನೇ ಕಿವಿ ಡಾಕ್ಟರ ಬಾಗಿಲು ಕಾಯುತ್ತಾ ಕೂತರೆ ಅಂಗಡಿಗೆ ಯಾರು ಬಂದಾರು?

ಒಂದು ಮಧ್ಯಾಹ್ನ ಸಂಗೀತದ ಟೀಚರಮ್ಮ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದರು. ಅವರ ತುಟಿ ಅಲ್ಲಾಡಿತು, ಮಾತು ಇವನಿಗೆ ತಲುಪಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ."

ಅವರು ಕತ್ತಿನ ಮೇಲಿದ್ದ ಹೊಲಿಗೆಯ ಗುರುತು ತೋರಿಸಿದರು. ಚೀಲದಿಂದ ನೋಟ್‌ಬುಕ್ ತೆಗೆದು ಬರೆದರು: 'ಎರಡು ವರ್ಷದ ಹಿಂದೆ ಗಂಟಲು ಆಪರೇಷನ್ ಆಯ್ತು. ಪಿಸುಮಾತು ಬಿಟ್ಟರೆ ದನಿ ಇಲ್ಲ. ಅದಕ್ಕೆ ಮುಂಚೆ ನೂರ ನಲವತ್ತು ಪಾಠ ಹಾಡಿ ಇಟ್ಟುಕೊಂಡಿದ್ದೆ. ಅದನ್ನೇ ಹಾಕಿ ಮಕ್ಕಳಿಗೆ ಕಲಿಸ್ತೀನಿ. ಎಲ್ಲಾ ಇದರಲ್ಲೇ ಇದೆ, ಈಗ ತೆರೀತಿಲ್ಲ. ಇನ್ನೊಂದು ಸಲ ಹಾಡೋಕೆ ಆಗಲ್ಲ.'

ಕೊನೆಯ ಸಾಲನ್ನು ಅವನು ಎರಡು ಸಲ ಓದಿದ. ಇವರಿಗೆ ಆಗಲ್ಲ ಎಂದು ಹೇಳುವ ಗತಿ ತನಗೆ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಡಿಸ್ಕ್ ಬಿಚ್ಚಿ, ತನ್ನ ಕಂಪ್ಯೂಟರಿಗೆ ಜೋಡಿಸಿ, ಪಕ್ಕದ ಹೊಸ ಡಿಸ್ಕಿಗೆ ನಕಲು ಇಳಿಸಲು ಶುರು ಮಾಡಿದ. ಸ್ಕ್ರೂಡ್ರೈವರ್ ಕಿವಿಗೊತ್ತಿದ. ಸದ್ದೇ ಇಲ್ಲ.

"ನಿಮ್ಮ ಪುಣ್ಯ ಟೀಚರಮ್ಮ. ಡಿಸ್ಕ್ ಶಾಂತವಾಗಿದೆ."

ಟೀಚರಮ್ಮನ ಹುಬ್ಬು ಗಂಟಾಯಿತು. ಬರೆದರು: 'ಈ ಟಿಕ್ ಟಿಕ್ ಬರಬೇಕಾ?'

"ಯಾವ ಟಿಕ್ ಟಿಕ್?"

ಅವರು ಪೆನ್ನಿನಿಂದ ಮೇಜಿನ ಮೇಲೆ ಕುಟ್ಟಿ ತೋರಿಸಿದರು. ಎರಡು ಏಟು, ಬಿಡುವು, ಮತ್ತೆ ಎರಡು. ಆ ತಾಳ ಅವನಿಗೆ ಬಾಯಿಪಾಠ. ಮರುಕ್ಷಣವೇ ಕರೆಂಟಿನ ವೈರು ಅವನ ಕೈಯಲ್ಲಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಹೋದ ತಿಂಗಳು ಎರಡು ಡಿಸ್ಕ್‌ಗಳನ್ನು ಹೀಗೇ ಶಾಂತವಾಗಿವೆ ಎಂದಿದ್ದ. ಎರಡೂ ಅವನ ಮೇಜಿನ ಮೇಲೇ ಸತ್ತವು. "ಹಣೆಬರಹ, ಏನ್ ಮಾಡೋಕಾಗುತ್ತೆ" ಎಂದು ಆ ಮನೆಯವರನ್ನು ಕಳಿಸಿದ್ದ. ಹಣೆಬರಹವಲ್ಲ, ತನ್ನ ಕಿವಿ.

"ಟೀಚರಮ್ಮ, ನನಗೆ ಕೇಳಿಸ್ಲಿಲ್ಲ" ಎಂದ. ಹೆಂಡತಿಗೂ ಹೇಳದ ಮಾತು. "ಈಗ ಅಂತಲ್ಲ, ತುಂಬಾ ದಿನದಿಂದ ಹೀಗೇ. ಬೇರೆಯವರ ಹತ್ರ ತಗೊಂಡು ಹೋಗ್ತೀನಿ ಅಂದ್ರೆ ನನಗೇನೂ ಬೇಜಾರಿಲ್ಲ."

ಅವರು ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು, ಸ್ಕ್ರೂಡ್ರೈವರಿನ ಹಿಡಿಯನ್ನು ತಮ್ಮ ಕಿವಿಗಿಟ್ಟುಕೊಂಡು, ಎಡಗೈಯಿಂದ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದರು: 'ನಾನು ಕೇಳಿಸ್ಕೊಳ್ತೀನಿ. ನೀವು ಕರೆಂಟು ನೋಡ್ಕೊಳ್ಳಿ.'

ಮೂರು ಮಧ್ಯಾಹ್ನ ಹಾಗೇ ಕಳೆದವು. ಅವರು ಮೇಜು ಕುಟ್ಟಿದ ಕೂಡಲೇ ಅವನು ವೈರು ಕೀಳುತ್ತಿದ್ದ. ಡಿಸ್ಕನ್ನು ಫ್ಯಾನಿನಡಿ ಆರಲು ಬಿಟ್ಟು, ನಕಲು ನಿಂತ ಕೆಟ್ಟ ಜಾಗವನ್ನು ಬಿಟ್ಟು ಅದರ ಮುಂದಿನಿಂದ ಮತ್ತೆ ಶುರು ಮಾಡುತ್ತಿದ್ದ. ನಡುವೆ ಇಬ್ಬರೂ ಚಹಾ ಕುಡಿಯುತ್ತಿದ್ದರು, ಮಾತಿಲ್ಲ. ಇಬ್ಬರಿಗೂ ಅದೇ ಹಾಯೆನಿಸುತ್ತಿತ್ತು. ಮೂರನೆಯ ದಿನ ನಾಲ್ಕು ಗಂಟೆಗೆ ಡಿಸ್ಕ್ ಪೂರ್ತಿ ನಿಂತುಹೋಯಿತು. ಅಷ್ಟರಲ್ಲಿ ನೂರ ಮೂವತ್ತಮೂರು ಪಾಠ ಬಂದಿದ್ದವು. ಹೋದ ಏಳರ ಹೆಸರನ್ನು ಟೀಚರಮ್ಮ ಒಂದೊಂದಾಗಿ ಬರೆದುಕೊಂಡರು. ಬರೆದು ಮುಗಿಸಿ ಕಣ್ಣೊರೆಸಿಕೊಂಡರು.

ಅವನು ಮೊದಲ ಪಾಠ ಹಾಕಿದ. ಹಳೆಯ ಸ್ಪೀಕರಿನಿಂದ ಅವರದೇ ದನಿ ಹೊರಟಿತು, ತುಂಬಿದ ದನಿ. ಕೆಳಗಿನ ಸ್ವರಗಳಲ್ಲಿ ಒಂದಿಷ್ಟು ಅಡ್ಡಾಡಿ ನಿಧಾನಕ್ಕೆ ಮೇಲೆ ಹತ್ತತೊಡಗಿತು. ಹತ್ತುತ್ತಾ ಹತ್ತುತ್ತಾ ತೆಳ್ಳಗಾಗಿ ಇದ್ದಕ್ಕಿದ್ದಂತೆ ನಿಂತೇಹೋಯಿತು.

"ಅಯ್ಯೋ, ಇದೂ ಕೆಟ್ಟಿದೆ!" ಎಂದು ಮೌಸಿಗೆ ಕೈ ಹಾಕಿದ.

ಟೀಚರಮ್ಮ ಅವನ ಕೈ ಹಿಡಿದು ತಡೆದರು. ಅವರ ಇನ್ನೊಂದು ಕೈಯ ಬೆರಳು ಗಾಳಿಯಲ್ಲಿ ಇನ್ನೂ ಮೇಲೇರುತ್ತಲೇ ಇತ್ತು.

"ಇನ್ನೂ ಹಾಡ್ತಿದೀರಾ?" ಎಂದು ಕೇಳಿದ.

ಅವರು ಹೌದೆಂದು ತಲೆಯಾಡಿಸಿದರು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬೆರಳು ಕೆಳಗಿಳಿದು ದನಿ ಮತ್ತೆ ಸಿಗುವವರೆಗೂ ಸುಮ್ಮನೆ ಅದನ್ನೇ ನೋಡುತ್ತಾ ಕೂತ. ಪಾಠ ಮುಗಿದ ಮೇಲೆ ಹೆಂಡತಿಗೆ ಫೋನ್ ಮಾಡಿ, ಕಿವಿ ಡಾಕ್ಟರು ನಾಳೆ ಎಷ್ಟು ಗಂಟೆಗೆ ಸಿಗುತ್ತಾರೆಂದು ಕೇಳಿದ. ಅವಳ ಉತ್ತರ ಸರಿಯಾಗಿ ಕೇಳಿಸಲಿಲ್ಲ. "ಇನ್ನೊಂದು ಸಲ ಹೇಳು" ಎಂದು ಫೋನನ್ನು ಟೀಚರಮ್ಮನ ಕಿವಿಗೆ ಹಿಡಿದ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು: 'ಹತ್ತು ಗಂಟೆಗೆ. ಜೊತೆಗೆ ನಾನೂ ಬರ್ತೀನಿ ಅಂತಿದ್ದಾರೆ. ಅಳ್ತಿದ್ದಾರೆ.'