ರಜೆಗೆ ಮೊದಲೇ ತುಂಬಿದ ಹಾಳೆ

ಲಸಿಕೆಯ ಫ್ರಿಜ್ಜನ್ನು ಬೇರೆಯವರು ಮುಟ್ಟಿದರೆ ಸಿಸ್ಟರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರೇ ಒಮ್ಮೆ ನೀರಿನ ಬಾಟಲಿ ಇಡಲು ಹೋಗಿ ಬೈಸಿಕೊಂಡಿದ್ದರು. ಆ ಸಣ್ಣ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರೇ ನರ್ಸು. ದಿನಕ್ಕೆರಡು ಸಲ ಫ್ರಿಜ್ಜಿನ ಉಷ್ಣತೆ ನೋಡಿ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಬೇಕು. ಯಾವಾಗ ನೋಡಿದರೂ ಐದು ಡಿಗ್ರಿ.

ಬೇಸಿಗೆಯಲ್ಲಿ ತಾಯಿಯ ಕಾಯಿಲೆ ಜೋರಾಗಿ ಹತ್ತು ದಿನ ರಜೆ ಹಾಕಿದರು. ಹಾಳೆ ಖಾಲಿ ಬಿಟ್ಟು ಹೋಗಲು ಮನಸ್ಸೊಪ್ಪದೆ, ಹತ್ತೂ ದಿನಕ್ಕೆ ಮೊದಲೇ ಐದು, ಐದು ಎಂದು ಮುದ್ದಾಗಿ ತುಂಬಿಟ್ಟರು. ಅಚ್ಚುಕಟ್ಟು ಕೂಡ ಒಂದು ಚಟವೇ. ರಜೆ ಮುಗಿಸಿ ಬಂದ ಮರುದಿನ ಮೂವತ್ತೊಂದು ಮಕ್ಕಳಿಗೆ ದಡಾರದ ಲಸಿಕೆ ಹಾಕಿದರು.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿ ದಡಾರ ಕಾಣಿಸಿತು. ಲಸಿಕೆ ಆಗದ ಮಕ್ಕಳ ಪಟ್ಟಿ ಮಾಡುತ್ತ ಡಾಕ್ಟರು, "ಈ ಮೂವತ್ತೊಂದು ಬಿಡಿ, ಸಿಸ್ಟರಮ್ಮನ ಕೈಯಲ್ಲಿ ಆಗಿದೆ" ಎಂದು ಗೆರೆ ಎಳೆದರು. ಸಿಸ್ಟರಮ್ಮ ಬೀಗುತ್ತ ಹೊರಬಂದರು.

"ನಿಮ್ ಫ್ರಿಜ್ಜು ಗಟ್ಟಿ ಬಿಡಿ," ಎಂದಳು ನೆಲ ಒರೆಸುತ್ತಿದ್ದ ಆಯಾ. "ನೀವು ರಜದಲ್ಲಿದ್ದಾಗ ಗೋಡೆಗೆ ಬಣ್ಣ ಹೊಡೆಯೋರು ಪ್ಲಗ್ ಕಿತ್ತಿಟ್ಟಿದ್ರು. ನೀವು ಬರೋ ಹಿಂದಿನ ದಿನ ನಾನೇ ಹಾಕ್ದೆ. ಹಾಗೇ ತಣ್ಣಗಾಯ್ತು!"

"ಎಷ್ಟು ದಿನ ಕಿತ್ತಿಟ್ಟಿದ್ರೇ?"

"ಎಂಟೊಂಬತ್ತು ದಿನ ಇರ್ಬೇಕು."

ಅಷ್ಟು ದಿನದ ಬೇಸಿಗೆಯ ಬಿಸಿಗೆ ಲಸಿಕೆ ಕೆಟ್ಟಿರುತ್ತದೆ; ಮೂವತ್ತೊಂದು ಮಕ್ಕಳಿಗೆ ಹಾಕಿದ್ದು ಅದನ್ನೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕೆಲಸವೂ ಉಳಿಯುತ್ತಿತ್ತು. ಮಧ್ಯಾಹ್ನದವರೆಗೆ ಮುಚ್ಚಿಕೊಂಡೇ ಇದ್ದರು. ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು. ಎದ್ದು ಹೋಗಿ ಡಾಕ್ಟರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

ಡಾಕ್ಟರು ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಕಾಯಿಲೆಯವರ ಹತ್ತಿರ ಹೋದ ಮೂರು ದಿನದೊಳಗೆ ಹಾಕಿದ್ರೆ ಹೊಸ ಲಸಿಕೆ ಕಾಪಾಡಬಹುದು. ಮೊದ್ಲು ಆ ಮಕ್ಕಳನ್ನ ಹುಡುಕಿ, ಓಡಿ."

ಓಡಿದರು. ಕಾಯಿಲೆ ಬಿದ್ದ ಹುಡುಗಿಯ ಮನೆ ಬಾಗಿಲಲ್ಲೇ ಅವಳ ಚಿಕ್ಕಮ್ಮ ಸಿಕ್ಕಳು. ಮೂವತ್ತೊಂದರಲ್ಲಿ ಒಂದು ಅವಳ ಮಗು.

"ನಿನ್ ಮಗ ಎಲ್ಲಿ?"

"ಒಳಗೆ, ನಮ್ಮಕ್ಕನ ಮಗಳ ಜೊತೆ. ಪಾಪ, ಅವಳ ಹತ್ರ ಯಾರೂ ಸುಳಿಯಲ್ಲ. ಅದಕ್ಕೆ ವಾರದಿಂದ ಇಬ್ರನ್ನೂ ಒಂದೇ ಹಾಸಿಗೇಲಿ ಮಲಗಿಸ್ತಿದೀನಿ." ಅವಳು ನಕ್ಕಳು. "ಇವನಿಗೆ ನೀವೇ ಹಾಕಿದೀರಲ್ಲ, ನಂಗೇನು ಭಯ?"