ಕೆರೆಕಲ್ಲಿನ ಕೊನೆಯ ಸಾಲು

ನಮ್ಮ ಚರಿತ್ರೆಯ ಮೇಷ್ಟ್ರ ಎಡಗೆನ್ನೆಯಲ್ಲಿ ಅಡಿಕೆಯಷ್ಟಗಲದ ಒಂದು ಜಾಗ ದಡ್ಡುಗಟ್ಟಿತ್ತು. ಹುಟ್ಟುಮಚ್ಚೆಯಲ್ಲ, ಗಾಯದ ಕಲೆಯೂ ಅಲ್ಲ. ಶಾಸನದ ಕಲ್ಲಿಗೆ ಕೆನ್ನೆಯೊತ್ತಿ, ಒಂದು ಕಣ್ಣು ಮುಚ್ಚಿ, ಓರೆಬಿಸಿಲಿನಲ್ಲಿ ಅಕ್ಷರದ ಅಂಚು ಹುಡುಕಿ ಹುಡುಕಿ ಹಾಗಾಗಿತ್ತು. ಕ್ಷೌರದವನು ಅಲ್ಲಿಗೆ ಬಂದಾಗ ಕತ್ತಿಯನ್ನು ಎತ್ತಿ ಹಿಡಿದು, "ಇಲ್ಲಿ ಕೂದ್ಲೇ ಬರಕ್ಕಿಲ್ವಲ್ಲ ಸ್ವಾಮಿ" ಎನ್ನುತ್ತಿದ್ದನಂತೆ.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಮಂಡ್ಯದ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ಬೆಸಗರಹಳ್ಳಿ ಕಡೆಯ ಒಕ್ಕಲು ಮನೆತನ. ಮೈಸೂರಿಗೆ ಹೋಗಿ ಎಂ.ಎ. ಓದಿದ ಮೇಲೂ ಮನೆಗೆ ಹೋದರೆ ನೇಗಿಲು ಹಿಡಿಯುವವರು. ತರಗತಿಯಲ್ಲಿ ರಾಜರ ಪಟ್ಟಿ ಬಾಯಿಪಾಠ ಮಾಡಿಸುತ್ತಿರಲಿಲ್ಲ. "ಕೆರೆ ಕಟ್ಟಿಸಿದವನ ಹೆಸರು ಪುಸ್ತಕದಲ್ಲಿದೆ. ಮಣ್ಣು ಹೊತ್ತವರು ಯಾರು? ಅವತ್ತು ಅವರು ಏನು ಉಂಡಿದ್ದರು?" ಎಂದು ಕೇಳುತ್ತಿದ್ದರು. ಹೊಯ್ಸಳರ ಕಾಲದಲ್ಲಿ ಈ ಸೀಮೆಯ ಹಳ್ಳಿಗಳು ಕೆರೆಯ ನೀರನ್ನು ಹೇಗೆ ಹಂಚಿಕೊಳ್ಳುತ್ತಿದ್ದವು ಎಂಬುದರ ಮೇಲೆ ಅವರೊಂದು ದೊಡ್ಡ ಪುಸ್ತಕ ಬರೆಯುತ್ತಿದ್ದರು. ಭಾನುವಾರ ಬಂತೆಂದರೆ ಬ್ರಷ್ಷು, ಮಸಿ, ಕಾಗದದ ಸುರುಳಿ ಹೊತ್ತು ಹಳ್ಳಿ ತಿರುಗುವುದು. ನನ್ನ ಕೈ ಚೆನ್ನಾಗಿದೆಯೆಂದು ಕಲ್ಲಿನ ಅಚ್ಚು ತೆಗೆಯುವ ಕೆಲಸವನ್ನು ನನಗೆ ಕಲಿಸಿದರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಅರೆ ಒಣಗಿದ ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಏಳುತ್ತದೆ.

ನಾನು ಏನಾದರೂ ಹೇಳಿದರೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ನೋಡಿದ್ಯೋ, ಕೇಳಿದ್ಯೋ?" ಮದ್ದೂರು ಸ್ಟೇಷನ್ನಿನಲ್ಲಿ ವಡೆ ಚೆನ್ನಾಗಿದೆಯಂತೆ ಎಂದರೂ ಅದೇ ಪ್ರಶ್ನೆ.

ಮಳವಳ್ಳಿ ತಾಲ್ಲೂಕಿನ ಎರಡು ಹಳ್ಳಿಗಳಿಗೆ ಒಂದು ಕೆರೆ. ಹೆಸರು ಬೇಡ, ಮೇಲೂರು, ಕೆಳಗೂರು ಎಂದುಕೊಳ್ಳಿ. ತೂಬು ಎತ್ತಿದಾಗ ಮೊದಲ ನೀರು ಯಾರಿಗೆ ಎಂದು ತಲೆತಲಾಂತರದ ಜಗಳ. ತೂಬಿನ ಪಕ್ಕದಲ್ಲಿ ಒಂದು ಹಳೆಯ ಶಾಸನವಿದ್ದು, ಅದರಲ್ಲಿ ತೀರ್ಮಾನ ಬರೆದಿದೆಯೆಂದು ಎರಡೂ ಊರಿನವರು ನಂಬಿದ್ದರು. ಓದಬಲ್ಲವರು ಯಾರೂ ಇರಲಿಲ್ಲ. ಒಂದು ವರ್ಷ ಬಡಿದಾಟ ಜೋರಾಗಿ, ಅಮಲ್ದಾರರು ನಮ್ಮ ಮೇಷ್ಟ್ರಿಗೆ ಕಾಗದ ಬರೆದರು: ಕಲ್ಲನ್ನು ಓದಿ ಹೇಳಬೇಕು, ಅದರಂತೆ ಹುಕುಂ ಮಾಡುತ್ತೇವೆ.

ಹೊರಡುವ ದಿನ ಮೇಷ್ಟ್ರಿಗೆ ಚಳಿಜ್ವರ. "ನೀನೇ ಹೋಗಿ ಅಚ್ಚು ತೆಗೆದುಕೊಂಡು ಬಾ. ಆಮೇಲೆ ನಾನೊಮ್ಮೆ ಕಲ್ಲನ್ನು ನೋಡ್ತೀನಿ" ಎಂದರು. ನಾನು ಹೋದೆ. ಮೇಲೂರಿನ ಪಟೇಲರ ಮನೆಯಲ್ಲಿ ನನಗೆ ಊಟ, ಉಪಚಾರ. ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಮೇಲೊಬ್ಬರು ಬಂದು, "ಮೇಗಣ ಊರ್ಗೆ ಮೊದ್ಲ ನೀರು ಅಂತ ಅದ್ರಾಗೆ ಬರ್ದದೆ ಸ್ವಾಮಿ, ನಮ್ಮ ತಾತ ಏಳ್ತಿದ್ದ" ಎಂದು ಹೇಳುತ್ತಲೇ ಇದ್ದರು. ಕಲ್ಲಿನ ಕೊನೆಯ ಸಾಲು ನೀರಿನ ಮಟ್ಟದಲ್ಲಿತ್ತು. ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಣ್ಣಿನ ಕಟ್ಟೆ ಕಟ್ಟಿ, ಅಚ್ಚು ತೆಗೆದೆ. ಎಬ್ಬಿಸುವಾಗ ಕಾಗದದ ಆ ಮೂಲೆ ಹರಿಯಿತು. ಹರಿದ ಅಂಚುಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿದೆ. 'ಮೊದಲ ನೀರು' ಎಂಬುದು ಸ್ಪಷ್ಟವಾಗಿತ್ತು. 'ಗಣ ಊರಿಂಗೆ' ಎಂಬುದೂ ಸ್ಪಷ್ಟ. ನಡುವೆ ಮಸಿ ಕಲಸಿಹೋಗಿತ್ತು. ಇನ್ನೊಂದು ಅಚ್ಚು ತೆಗೆಯಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ಕಾಲು ಮರಗಟ್ಟಿತ್ತು. ಸಣ್ಣ ಬ್ರಷ್ಷು ತೆಗೆದುಕೊಂಡು ಆ ಕಲೆಯ ಸುತ್ತ ಮಸಿ ತುಂಬಿ 'ಮೇ' ಎಂಬ ಅಕ್ಷರವನ್ನು ಬಿಡಿಸಿಬಿಟ್ಟೆ: ಮೇಗಣ, ಎಂದರೆ ಮೇಲಿನ, ಊರಿಂಗೆ. ಮೋಸ ಮಾಡಬೇಕೆಂದಲ್ಲ. ಅಲ್ಲಿ ಅದೇ ಇರುವುದೆಂದು ದಿನವಿಡೀ ಕೇಳಿದ್ದೆ.

ಮೇಷ್ಟ್ರು ಹಾಸಿಗೆಯಲ್ಲೇ ಒರಗಿ ಕಾಗದ ಓದಿದರು. ಕೊನೆಯ ಸಾಲಿನಲ್ಲಿ ತಡೆದು, "ಇದು ಸರಿಯಾಗಿ ಎದ್ದಿದೆಯಾ?" ಎಂದರು.

"ಎದ್ದಿದೆ ಸಾರ್" ಎಂದೆ.

ಅವರಿಗೆ ಜ್ವರ ಬಿಡುವ ಹೊತ್ತಿಗೆ ಮಳೆಯಾಗಿ ಕೆರೆ ತುಂಬಿ, ಕಲ್ಲು ಅರ್ಧ ಮುಳುಗಿತ್ತು. ಕಲ್ಲಿನ ಓದು ಕೇಳಲು ಕೆರೆಯ ಏರಿಯ ಮೇಲೆ ಅಮಲ್ದಾರರು, ಪೊಲೀಸರು ಸೇರಿದ್ದರು. ಒಂದು ಕಡೆ ಮೇಲೂರು, ಇನ್ನೊಂದು ಕಡೆ ಕೆಳಗೂರು, ಎರಡೂ ಕಡೆ ದೊಣ್ಣೆ. ಮೇಷ್ಟ್ರು ಕಾಗದ ಹಿಡಿದು ಗಟ್ಟಿಯಾಗಿ ಓದಿದರು: "ಮೊದಲ ನೀರು ಮೇಗಣ ಊರಿಂಗೆ." ಒಂದು ಕಡೆ ಕೇಕೆ ಎದ್ದಿತು. ಇನ್ನೊಂದು ಕಡೆಯಿಂದ ಒಬ್ಬ ಯುವಕ ಮುಂದೆ ಬಂದು, "ಕಲ್ಲು ನಿಜವಾಗ್ಲೂ ಅಂಗೇ ಅಂತದಾ ಸ್ವಾಮಿ?" ಎಂದು ಕೇಳಿದ. ಮೇಷ್ಟ್ರು "ಹೌದಪ್ಪ" ಎಂದರು.

ಮುಂದಿನ ಬೇಸಿಗೆಯಲ್ಲಿ ಆ ಯುವಕನ ಕಣ್ಣೆದುರೇ ಅವನ ಪೈರು ಒಣಗಿತು. ಅವನು ತೂಬಿನ ಬಳಿ ಹೋಗಿ ನೀರು ತಿರುಗಿಸಲು ನೋಡಿದಾಗ ಯಾರದೋ ಸನಿಕೆಯ ಏಟು ಬಿದ್ದು ಬಲಗೈ ಮುರಿಯಿತು. ಅದು ಸೊಟ್ಟಗೆ ಕೂಡಿಕೊಂಡಿತು. ಮತ್ತೆ ನೇಗಿಲು ಹಿಡಿಯುವ ಕೈ ಆಗಲಿಲ್ಲ. ಸುದ್ದಿ ಕೇಳಿ ಮೇಷ್ಟ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿದೆ. ನನ್ನ ಮನಸ್ಸಿನ ಮೂಲೆಯಲ್ಲಿ ಆ ಮಸಿಯ ಕಲೆ ಒಮ್ಮೆ ಮಿಸುಕಿತು; ಅದನ್ನು ಅಲ್ಲೇ ಒತ್ತಿದೆ.

ಇತ್ತ ಆ ಶಾಸನದ ಮೇಲೆ ಅವರು ಬರೆದ ಲೇಖನ ಮೈಸೂರಿನ ಪತ್ರಿಕೆಯಲ್ಲಿ ಬಂತು. ನೀರಿನ ಹಕ್ಕು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತೆಂಬ ಅವರ ವಾದವನ್ನು ದೊಡ್ಡ ವಿದ್ವಾಂಸರು ಮೆಚ್ಚಿದರು. ಯುದ್ಧ ಮುಗಿಯುವ ವೇಳೆಗೆ ಮೈಸೂರಿನ ಕಾಲೇಜೊಂದಕ್ಕೆ ಅವರನ್ನು ಕರೆಸಿಕೊಳ್ಳುವ ಮಾತು ನಡೆದಿತ್ತು. ಅವರ ಹೆಂಡತಿ ಅಲ್ಲಿ ಯಾವ ಬೀದಿಯಲ್ಲಿ ಮನೆ ಮಾಡಬೇಕೆಂದು ಆಗಲೇ ಯೋಚಿಸುತ್ತಿದ್ದರು.

ಅಲ್ಲಿಯವರೆಗೆ ಯಾವ ಬೇಸಿಗೆಯಲ್ಲೂ ಕಲ್ಲಿನ ಬುಡ ನೀರಿನಿಂದ ಹೊರಬಿದ್ದಿರಲಿಲ್ಲ. ಯುದ್ಧ ಮುಗಿದ ಮರುಬೇಸಿಗೆಯಲ್ಲಿ ತೂಬಿನ ರಿಪೇರಿಗೆಂದು ಆ ಕೆರೆಯನ್ನು ಬರಿದು ಮಾಡಿದರು. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಕಲ್ಲನ್ನು ಬುಡದವರೆಗೆ ನೋಡಿಬಿಡೋಣವೆಂದು ಮೇಷ್ಟ್ರು ನನ್ನನ್ನೂ ಹೊರಡಿಸಿದರು. ಅವರು ಕೆಸರಿನ ಮೇಲೆ ಮಂಡಿಯೂರಿ, ಕಲ್ಲಿಗೆ ಕೆನ್ನೆಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದರು. "ಎರಡು ಅಕ್ಷರ ಇದೆ ಕಣಯ್ಯಾ. 'ಕೆಳ'. ಕೆಳಗಣ ಊರಿಂಗೆ" ಎಂದರು.

ಮಂಡ್ಯಕ್ಕೆ ವಾಪಸು ಬಂದು ಹಳೆಯ ಅಚ್ಚನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅಂಟಿಸಿದ ಅಂಚು, ಅದರ ಮೇಲೆ ಬ್ರಷ್ಷಿನ ಗೆರೆ, ಎರಡೂ ಎದ್ದು ಕಾಣುತ್ತಿದ್ದವು. ಅವರು ನನ್ನ ಕಡೆ ತಿರುಗಿದರು. ನಾನು ನೆಲ ನೋಡುತ್ತಿದ್ದೆ. ಬೈಯಲಿ ಎಂದು ಕಾದೆ. ಅವರು ಕಾಗದವನ್ನು ನಿಧಾನವಾಗಿ ಸುತ್ತಿ, "ನಾಳೆ ಮಳವಳ್ಳಿ ಕಡೆಗೆ ಮೊದಲ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದರು.

ಒಳಗಿನಿಂದ ಅವರ ಹೆಂಡತಿ ಬಂದು, "ಮೈಸೂರಿನ ಆರ್ಡರು ಬರೋವರೆಗಾದ್ರೂ ಸುಮ್ಮನಿರಬಾರದಾ?" ಎಂದರು.

"ಬಂದಮೇಲೆ ಹೇಳಿದರೆ ಅದು ಹೇಳಿದ ಹಾಗಲ್ಲ" ಎಂದಷ್ಟೇ ಮೇಷ್ಟ್ರ ಉತ್ತರ.

ಮೊದಲು ಕೆಳಗೂರಿಗೆ ಹೋಗೋಣವೆಂದು ನಾನು ಹೇಳಿದೆ, ಅಲ್ಲಿ ಸಂತೋಷಪಡುವವರಿದ್ದರು. ಮೇಷ್ಟ್ರು ಒಪ್ಪಲಿಲ್ಲ. "ಕಳೆದುಕೊಳ್ಳೋರಿಗೆ ಮೊದಲು ಹೇಳಬೇಕು. ಬೇರೆಯವರ ಬಾಯಿಂದ ಅವರು ಕೇಳಬಾರದು."

ಮೇಲೂರಿನ ಚಾವಡಿಯಲ್ಲಿ ಅವರು ಹೇಳಿ ಮುಗಿಸಿದಾಗ ಪಟೇಲರು ಎದ್ದರು.

"ಆವತ್ತು ಕಣ್ ಕಾಣ್ತಿರ್ನಿಲ್ವಾ ಮೇಷ್ಟ್ರೇ?"

"ಆವತ್ತು ನಾನು ಕಲ್ಲನ್ನ ನೋಡಲಿಲ್ಲ, ಕಾಗದ ನೋಡಿದೆ. ತಪ್ಪು ನನ್ನದು."

"ಎಷ್ಟ್ ಕೊಟ್ರು ಕೆಳಗೂರೋರು?"

ನಾನು ಮೇಷ್ಟ್ರ ಹಿಂದೆಯೇ ನಿಂತಿದ್ದೆ. ಬಾಯಿ ತೆರೆಯಬೇಕಾದ ಗಳಿಗೆ ಅದೇ. ತೆರೆಯಲಿಲ್ಲ.

ಪಟೇಲರು ತಮ್ಮವರ ಕಡೆ ತಿರುಗಿ, "ಕಲ್ಲು ಇದ್ರೆ ತಾನೇ ಓದೋದು! ಓಗ್ರಲಾ, ಪುಡಿ ಮಾಡ್ರಲಾ ಅದ್ನ" ಎಂದರು. ಏಳೆಂಟು ಜನ ಎದ್ದು ಕೆರೆಯ ಕಡೆ ನಡೆದರು. ಅವರ ಮುಂದೆ ಒಬ್ಬ ಕಟ್ಟುಮಸ್ತಾದ ಒಕ್ಕಲಿಗ, ಹೆಗಲ ಮೇಲೆ ಕಲ್ಲೊಡೆಯುವ ದೊಡ್ಡ ಸುತ್ತಿಗೆ.

ಮೇಷ್ಟ್ರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಚ್ಚೆಪಂಚೆ ಎತ್ತಿ ಕಟ್ಟಿ, ಬಿರಿದ ಕೆರೆಯಂಗಳದಲ್ಲಿ ಎಡವುತ್ತ ಓಡಿ, ಅವರಿಗಿಂತ ಹತ್ತು ಹೆಜ್ಜೆ ಮುಂಚೆ ಕಲ್ಲನ್ನು ತಲುಪಿ, ಅದಕ್ಕೆ ಬೆನ್ನು ಕೊಟ್ಟು ಕುಳಿತರು. ಏದುಸಿರು. ಮೇಲೆ ಉರಿಬಿಸಿಲು.

"ಎದ್ದೇಳಿ ಸ್ವಾಮಿ. ಏಟು ಬಿದ್ರೆ ನಾನ್ ಜವಾಬ್ದಾರಿ ಅಲ್ಲ" ಎಂದ ಸುತ್ತಿಗೆಯವನು.

"ಎದ್ದೇಳ್ತೀನಿ ಕಣಣ್ಣ" ಎಂದರು ಮೇಷ್ಟ್ರು. ಅವರ ಮಾತು ಅವರ ಊರಿನ ಮಾತಾಗಿಬಿಟ್ಟಿತ್ತು. "ಒಡಿಯಕ್ ಮುಂಚೆ ಒಂದ್ ಕೆಲ್ಸ ಮಾಡು. ನಿಂಗೆ ಓದಕ್ ಬತ್ತದಾ?"

"ಬರಕ್ಕಿಲ್ಲ."

"ಒಳ್ಳೇದಾಯ್ತು. ಬೆರಳು ಕೊಡು."

ಅವನು ಏಕೆ ಕೈಕೊಟ್ಟನೋ ನನಗೆ ಇಂದಿಗೂ ತಿಳಿಯದು. ಮೇಷ್ಟ್ರು ಆ ಒರಟು ಬೆರಳನ್ನು ಹಿಡಿದು ಕೊನೆಯ ಸಾಲಿನ ಮೇಲಿಟ್ಟರು. "ಇಲ್ಲಿ 'ನೀರು' ಮುಗೀತು. ಇಲ್ಲಿ 'ಗಣ' ಸುರುವಾಯ್ತು. ನಡುವೆ ಎಷ್ಟು ಅಕ್ಸರ ಕೊರ್ದವ್ರೆ? ನೀನೇ ಮುಟ್ಟಿ ಎಣ್ಸು. ಒಂದು ಅಂದ್ರೆ ನಾನೇ ಎದ್ದು ದಾರಿ ಬುಡ್ತೀನಿ. ಒಂದಿದ್ರೆ ಮೇಗಣ. ಎರಡಿದ್ರೆ ಕೆಳಗಣ."

ಒಂದು ಎಂದರೆ ಮುಗಿಯಿತು; ಅಲ್ಲಿ ಅಲ್ಲಗಳೆಯುವವರು ಯಾರಿದ್ದರು? ಅವನು ಕಣ್ಣು ಮುಚ್ಚಿದ. ಬೆರಳು ತಗ್ಗಿನಲ್ಲಿ ಇಳಿದು, ಏರಿ, ಮತ್ತೆ ಇಳಿಯಿತು. ಹಿಂದಕ್ಕೆ ಬಂದು ಇನ್ನೊಮ್ಮೆ ಮುಟ್ಟಿದ. ಪಟೇಲರು ಏರಿಯ ಮೇಲಿಂದ, "ಏನ್ಲಾ ಮಾಡ್ತಿದ್ದೀಯಾ, ಒಡಿಲಾ!" ಎಂದು ಕೂಗಿದರು.

ಅವನು ಎದ್ದು, ಏರಿಯ ಕಡೆ ಮುಖ ಮಾಡಿ, "ಎರಡವೆ ಕಣಣ್ಣೋ" ಎಂದ.

"ಇದ್ರೆ ಇರ್ಲಿ, ಒಡಿ!"

"ನನ್ ಕೈಲಾಗಕ್ಕಿಲ್ಲ. ಬೇಕಾದ್ರೆ ನೀವೇ ಬಂದು ಒಡೀರಿ" ಎಂದು ಸುತ್ತಿಗೆಯನ್ನು ನೆಲಕ್ಕೆ ಇಳಿಸಿ, ಹಿಂದಿರುಗಿ ನೋಡದೆ ಏರಿ ಹತ್ತಿ ಹೋದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಆ ಸುತ್ತಿಗೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಅಲ್ಲಿಂದ ನೇರ ಕೆಳಗೂರಿಗೆ ಹೋದೆವು. ಅಲ್ಲಿ ಸಂತೋಷ ಕಾದಿರುತ್ತದೆಂದು ನಾನು ಎಣಿಸಿದ್ದು ತಪ್ಪಾಗಿತ್ತು. ಸೊಟ್ಟಗೈಯವನು ಎಲ್ಲವನ್ನೂ ಕೇಳಿಸಿಕೊಂಡು, ಆ ಕೈಯನ್ನು ಮೇಷ್ಟ್ರ ಮುಖದ ಮುಂದೆ ಹಿಡಿದ. "ನೀರು ಬತ್ತದೆ, ಬುಡಿ. ಇದು?"

ಮೇಷ್ಟ್ರು ಆ ಕೈ ಕೆಳಗಿಳಿಯುವವರೆಗೆ ಅದನ್ನೇ ನೋಡುತ್ತ ನಿಂತರು.

ಅಮಲ್ದಾರರು ಹುಕುಂ ತಿದ್ದಿದರು. ಮೇಷ್ಟ್ರು ಅದೇ ಪತ್ರಿಕೆಗೆ ತಮ್ಮ ಓದು ತಪ್ಪೆಂದು ಬರೆದರು. ಆ ವಾದದ ಮೇಲೆ ನಿಂತಿದ್ದ ಅಧ್ಯಾಯಗಳನ್ನು ಪುಸ್ತಕದಿಂದ ಕಿತ್ತುಹಾಕಿದರು. ಮೈಸೂರಿನ ಆರ್ಡರು ಬರಲೇ ಇಲ್ಲ. ಏಕೆಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ನಾನು ಅಳುತ್ತ, "ನನ್ನ ಹೆಸರು ಯಾಕೆ ಹೇಳಲಿಲ್ಲ ಸಾರ್?" ಎಂದೆ.

"ಅಚ್ಚು ತೆಗೆದವನು ನೀನು, ನಿಜ. ಓದಿದವನು ನಾನು ತಾನೆ? ಹೌದಪ್ಪ ಅಂತ ಆ ಹುಡುಗನಿಗೆ ಹೇಳಿದ್ದೂ ನನ್ನ ಬಾಯೇ" ಎಂದರು. ಹಾಗೆಯೇ, "ಭಾನುವಾರ ಮುತ್ತತ್ತಿ ದಾರಿಯಲ್ಲಿ ಒಂದು ವೀರಗಲ್ಲು ನೋಡೋದಿದೆ. ಬ್ರಷ್ಷು ತರೋದು ಮರೀಬೇಡ" ಎಂದರು. ಆಮೇಲೆ ನಾನು ತೆಗೆದ ಪ್ರತಿ ಅಚ್ಚನ್ನೂ ಅವರು ಕಲ್ಲಿನ ಎದುರೇ ಕೂತು ಓದಿದರು. ನಾನೂ ಪಕ್ಕದಲ್ಲಿ ಕೂತೆ.

ಮರುವರ್ಷ, ದೇಶಕ್ಕೆ ಸ್ವಾತಂತ್ರ್ಯ ಬರುತ್ತದೆಂಬ ಮಾತು ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ, ಟೈಫಾಯಿಡ್ ಜ್ವರ ಅವರನ್ನು ಮೂರು ವಾರ ಕಾಡಿ ಕರೆದುಕೊಂಡುಹೋಯಿತು. ಪುಸ್ತಕ ಮುಗಿದಿರಲಿಲ್ಲ.

ತಿಥಿ ಕಳೆದ ಮೇಲೆ ನಾನೊಬ್ಬನೇ ಕೆಳಗೂರಿಗೆ ಹೋದೆ. ಸೊಟ್ಟಗೈಯವನು ಎಡಗೈಯಲ್ಲಿ ಬದು ಕೆತ್ತುತ್ತಿದ್ದ. ಬದುವಿನ ಮೇಲೆ ನಿಂತು ಹರಿದ ಕಾಗದ, ಬ್ರಷ್ಷು, 'ಎದ್ದಿದೆ ಸಾರ್' ಎಂದದ್ದು, ಎಲ್ಲವನ್ನೂ ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳುವುದೆಂದು ಸಿದ್ಧವಾಗಿದ್ದೆ.

ಅವನು ಗುದ್ದಲಿ ಊರಿ ನಿಂತ. "ನಿಮ್ ಮೇಷ್ಟ್ರು ಆಮೇಕೂ ಒಂದ್ಸಲ ಬಂದಿದ್ರು, ಒಬ್ರೇ. ನನ್ ಒಲದಾಗೆ ಒಂದಿನ ಪೂರ್ತಿ ಗೇದ್ರು, ಬ್ಯಾಡ ಅಂದ್ರೂ ಕೇಳ್ನಿಲ್ಲ. ಆವತ್ತು ಕೇಳ್ದೆ, ಆ ಕಾಗ್ದ ಮಾಡ್ದೋರು ಯಾರು ಸ್ವಾಮಿ ಅಂತ."

"ಏನೆಂದರು?"

"ನಾನೇ ಅಂದ್ರು. ಸುಳ್ಳು ಅಂತ ಆಗ್ಲೇ ಗೊತ್ತಾಯ್ತು. ಸುಳ್ಳು ಏಳಕ್ಕೇ ಬರ್ನಿಲ್ಲ ಆ ಮನ್ಸಂಗೆ. ಮಖ ಅತ್ಲಾಗ್ ತಿರಿಕ್ಕಂಡ್ಬುಟ್ರು."

ಅವನು ಮತ್ತೆ ಬಗ್ಗಿ ಬದು ಕೆತ್ತತೊಡಗಿದ. ನಾನು ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದೆ.